ಮೂವತ್ತಾರಕ್ಕೆ ಮೂವತ್ತಾರು

ಗದಗ, ಇಸವಿ 2187, ಶ್ರಾವಣದ ಮೂವತ್ತೇಳನೆಯ ದಿನ

ನನ್ನ ಅಜ್ಜಿಯ ಅಜ್ಜಿಯ ಅಜ್ಜಿಗೆ, ನೀಲಗಂಗಾ ಬರೆಯುವುದು.

ಶ್ರಾವಣಕ್ಕೆ ಅಷ್ಟೊಂದು ದಿನ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ; ಮಳೆ ಬರುವವರೆಗೆ ನಾವು ತಿಂಗಳನ್ನೇ ಮುಗಿಸುವುದಿಲ್ಲ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮೂವತ್ತು ವರ್ಷ ಕಚೇರಿಯಲ್ಲಿ ಠಸ್ಸೆ ಒತ್ತಿದವಳ ಕನ್ನಡ ಇಷ್ಟೇ.

ನಾನಿದ್ದ ಕಚೇರಿಯ ಹೆಸರು ಹೊಂದಿಕೆಮನೆ. ರೋಗದಿಂದ ಮೈಯನ್ನು ಕಾಯುವ ವಂಶವಾಹಿಗಳನ್ನು ನಾವು ಒಳಗಾವಲು ಎನ್ನುತ್ತೇವೆ. ಅದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನನ್ನಜ್ಜಿಯ ಕಾಲದ ದೊಡ್ಡ ಜ್ವರದಲ್ಲಿ ಒಂದು ಬಗೆಯವರೇ ಹೆಚ್ಚು ಬದುಕಿಕೊಂಡರು. ಆ ಬಗೆ ಮಕ್ಕಳಿಗೆ ಎರಡೂ ಕಡೆಯಿಂದ ಬರಲಿ ಎಂದು ಮದುವೆಗೆ ಮೊದಲು ಗಂಡು ಹೆಣ್ಣಿನ ರಕ್ತ ನೋಡುವ ಪದ್ಧತಿ ಹುಟ್ಟಿತು. ಜಾತಕ ನೋಡಿ ರೂಢಿಯಾದ ಜನ ನಾವು. ರಕ್ತಕ್ಕೂ ಮೂವತ್ತಾರು ಅಂಕ ಇಟ್ಟೆವು; ಇಬ್ಬರ ಒಳಗಾವಲು ಎಷ್ಟು ಒಂದೇ ಥರವೋ ಅಷ್ಟು ಅಂಕ. ಹದಿನೆಂಟಕ್ಕಿಂತ ಕಡಿಮೆ ಬಂದರೆ ಮದುವೆ ಇಲ್ಲ. ಪೂರ್ತಿ ಬಂದ ಮನೆಯವರು ಓಣಿಗೆಲ್ಲ ಸಿಹಿ ಮಾದಲಿ ಹಂಚುತ್ತಿದ್ದರು. ಗರ್ಭಕ್ಕೆ ಏನು ಬೇಕೆಂದು ಯಾರೂ ಕೇಳಲಿಲ್ಲ.

ನನ್ನ ಮಗಳು ಇಳಾ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ರಿಪೇರಿ ಮಾಡುವ ಯಮನೂರನನ್ನು ಮೆಚ್ಚಿದ್ದಳು. ಅವರಿಬ್ಬರದು ಹನ್ನೊಂದೇ ಅಂಕ. ತಿರಸ್ಕೃತ ಎಂಬ ಠಸ್ಸೆಯನ್ನು ನಾನೇ ಒತ್ತಿದೆ. ಪೂರ್ತಿ ಅಂಕ ಬಂದ ಬಸವಂತನಿಗೆ ಅವಳನ್ನು ಕೊಟ್ಟೆ. ಒಳ್ಳೆಯ ಹುಡುಗ, ಅವನ ಮೇಲೆ ದೂರಿಲ್ಲ. ಆರು ವರ್ಷದಲ್ಲಿ ನಾಲ್ಕು ಬಸಿರು. ನಾಲ್ಕೂ ಮೂರು ತಿಂಗಳೊಳಗೇ ಹೋದವು. ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆಂದು ತಂದ ಹಸಿರು ಸೀರೆಯ ಮಡಿಕೆ ಇನ್ನೂ ಬಿಚ್ಚಿಲ್ಲ. ಇಳಾ ಒಬ್ಬಳೇ ಅಲ್ಲ. ನಮ್ಮ ಓಣಿಯಲ್ಲಿ ಈ ವರ್ಷ ಒಂದು ತೊಟ್ಟಿಲೂ ಕಟ್ಟಿಲ್ಲ. ಶಾಲೆಯಲ್ಲಿ ಒಂದನೇ ತರಗತಿಯ ಕೋಣೆಗೆ ಜೋಳದ ಚೀಲ ತುಂಬಿದ್ದಾರೆ. ಜನ ಬೈಯುವುದು ಮಾತ್ರ ಹೆಂಗಸರನ್ನೇ: ಭಾರ ಎತ್ತಿದಳು, ಪಪ್ಪಾಯಿ ತಿಂದಳು. ಕೇಳಿದರೆ ಮೈ ಉರಿಯುತ್ತದೆ.

ಕೊನೆಗೆ ನಾನೇ ಹಳೆಯ ದಾಖಲೆಗಳನ್ನು ತೆಗೆದು ಕೂತೆ. ಅಂಕ ಹೆಚ್ಚಿದಷ್ಟೂ ನಿಲ್ಲದ ಬಸಿರು ಹೆಚ್ಚು. ಡಾಕ್ಟರ್ ಮೈಮುನಾ ಅವರಿಗೆ ತೋರಿಸಿದೆ. ಕೂಸು ಅರ್ಧ ತಂದೆಯದು. ಆ ಹೊಸತನ್ನು ಗುರುತಿಸಿದರೆ ತಾಯಿಯ ಒಳಗಾವಲು ಅದನ್ನು ಜೋಪಾನ ಮಾಡುತ್ತದೆ, ತೀರಾ ಒಂದೇ ಥರವಾದರೆ ಗುರುತೇ ಹತ್ತುವುದಿಲ್ಲ ಎಂದು ಅವರ ಅನುಮಾನ. ನಿಮ್ಮ ಕಾಲದಲ್ಲೂ ಕೆಲವರು ಹೀಗೆ ಶಂಕಿಸಿದ್ದರಂತೆ, ಕೆಲವರು ಒಪ್ಪಿರಲಿಲ್ಲವಂತೆ. ನಾನು ಇಳಾಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಕೂಸು ಬಂದದ್ದು ನನ್ನ ಮೈಗೆ ಗೊತ್ತಾಗಲಿಲ್ಲ ಅಲ್ಲೇನವ್ವಾ," ಎಂದಳು. "ನಿನಗ ಮಾತ್ರ ಎಲ್ಲಾ ಗೊತ್ತಿತ್ತು."

ಈಗ ಬೇರೆ ಥರದ ರಕ್ತದವರನ್ನು ಹುಡುಕಿದರೂ ಸಿಗುವುದಿಲ್ಲ. ಯಾರೊಡನೆಯೂ ಅಂಕ ಕೂಡದವರೆಲ್ಲ ಮದುವೆಯಿಲ್ಲದೆ, ಮಕ್ಕಳಿಲ್ಲದೆ ಒಬ್ಬೊಬ್ಬರಾಗಿ ತೀರಿಕೊಂಡರು. ಯಮನೂರನೂ ಹೋದ ವರ್ಷ ಹೋದ. ಹೊಂದಿಕೆಮನೆಯ ಬಾಗಿಲು ಇವತ್ತಿಗೂ ಹತ್ತು ಗಂಟೆಗೆ ಸರಿಯಾಗಿ ತೆರೆಯುತ್ತದೆ.

ನಿಮ್ಮ ಕಾಲದಲ್ಲಿ ಒಳಗಾವಲುಗಳ ಪಟ್ಟಿ ಆಗಲೇ ಶುರುವಾಗಿರಬೇಕು. ಯಾವುದು ಯಾರಲ್ಲಿದೆ ಎಂದು ಬರೆದುಕೊಳ್ಳಿ, ಬೇಡವೆನ್ನುವುದಿಲ್ಲ. ಅದಕ್ಕೆ ಅಂಕ ಮಾತ್ರ ಹಾಕಬೇಡಿ. ಯಾರಾದರೂ ಹಾಕಲು ಹೊರಟರೆ ಕೈ ಹಿಡಿದು ತಡೆಯಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಇಳಾ ಮತ್ತೆ ಬಸುರಿ. ಬಸವಂತ ಬಾಯಿ ತಪ್ಪಿ ಹೇಳಿದ. ಈ ಸಲ ಅವ್ವನಿಗೆ ತಿಳಿಸಕೂಡದು ಎಂದು ಅವಳು ಅವನಿಂದ ಆಣೆ ಮಾಡಿಸಿಕೊಂಡಿದ್ದಾಳಂತೆ.