ಪಾಸಾದವನ ಕ್ಯಾಲ್ಕುಲೇಟರ್

ಇಲೋಇಲೊ
ನವೆಂಬರ್ 18, ಶನಿವಾರ

ಪ್ರೀತಿಯ ಎಫ್ರೆನ್,

ನಿನ್ನ ಬೆನ್ನುನೋವು ಹೇಗಿದೆ? ಇಂಜಿನ್ ಕೋಣೆಯಿಂದ ಬೆವೆತು ಬಂದು ಹಾಗೇ ಫ್ಯಾನಿನ ಕೆಳಗೆ ಮಲಗಬೇಡ ಎಂದು ಎಷ್ಟು ಹೇಳಿದರೂ ನಿನ್ನ ಕಿವಿಗೆ ಹೋಗುವುದಿಲ್ಲ. ನಾವು ಚೆನ್ನಾಗಿದ್ದೇವೆ. ಹಾಗಂತ ಬರೆದೆ, ಆದರೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಮೈಲಿನ್ ಪರೀಕ್ಷೆಗೆ ಒಳಗೆ ಹೋಗಿದ್ದಾಳೆ. ನಾನು ಗೇಟಿನೆದುರಿನ ಬಾಚೊಯ್ ಅಂಗಡಿಯಲ್ಲಿದ್ದೇನೆ. ಮುಂದಿಟ್ಟ ನೂಡಲ್ಸ್ ಸೂಪು ಆರಿಹೋಗಿದೆ. ಈ ಸಲವೂ ಎಂಜಿನಿಯರ್ ಪರವಾನಗಿ ಸಿಗದಿದ್ದರೆ ಮೂರನೇ ಸಲ ಕೂರುವುದಿಲ್ಲ, ನಮ್ಮ ಊಟದಂಗಡಿಯಲ್ಲೇ ಅನ್ನ ಬಡಿಸಿಕೊಂಡಿರುತ್ತೇನೆ ಅಂದಿದ್ದಾಳೆ. ಹಟ ನಿನ್ನದೇ.

ಕ್ಯಾಲ್ಕುಲೇಟರಿನ ಜಗಳ ಕೇಳು. ಹೋದ ಸಲ ಫೇಲಾದಾಗ ಇದ್ದ ಹಳೆಯದನ್ನೇ ಮತ್ತೆ ಹಿಡಿದುಕೊಂಡು ಹೊರಟಿದ್ದಳು. ಅಂಗಡಿಯ ಬಿಲ್ಲೂ ಅದರಲ್ಲೇ, ಸೇತುವೆಯ ಲೆಕ್ಕವೂ ಅದರಲ್ಲೇ! ಗುಂಡಿಗಳಿಗೆಲ್ಲ ಮೀನಿನ ವಾಸನೆ. ನಿನ್ನಕ್ಕನ ಮಗ ರೋಹೆಲ್ ಮೊದಲ ಸಲಕ್ಕೇ ಪಾಸಾದವನು. ಅವನದ್ದೂ ಅದೇ ಮಾಡೆಲ್, ಕೇಳುವ ಮೊದಲೇ ತಂದುಕೊಟ್ಟ. ಪಾಸಾದವರದ್ದನ್ನು ಇಸಕೊಂಡು ಹೋಗುವುದು ಊರಿಗೆಲ್ಲ ಇರುವ ಪದ್ಧತಿ, ನಾನೇನು ಹೊಸದು ಹೇಳಿದೆನೆ? ಇವಳು, "ಅಷ್ಟೊಂದು ಅದೃಷ್ಟ ಬೇಕಾದ್ರೆ ಅವನನ್ನೇ ಕಳ್ಸಮ್ಮಾ ಪರೀಕ್ಷೆಗೆ. ನನ್ ಬೆರಳಿಗೆ ನಂದೇ ಗೊತ್ತು" ಅಂದುಬಿಟ್ಟಳು.

ನಿನ್ನೆ ಚರ್ಚಿನಲ್ಲಿ ಪರೀಕ್ಷೆಯವರಿಗಾಗಿ ಬಲಿಪೂಜೆ ಇತ್ತು. ಪೆನ್ಸಿಲು, ಕ್ಯಾಲ್ಕುಲೇಟರುಗಳನ್ನೆಲ್ಲ ಮೇಜಿನ ಮೇಲಿಟ್ಟು ಪಾದ್ರಿಗಳು ತೀರ್ಥ ಚಿಮುಕಿಸಿದರು. ವಾಪಸು ತೆಗೆದುಕೊಳ್ಳುವಾಗ ಅವಳ ಹೆಸರು ಅಂಟಿಸಿದ್ದ ಮುಚ್ಚಳದೊಳಗೆ ನಾನು ರೋಹೆಲ್‌ನದ್ದನ್ನು ಸೇರಿಸಿಬಿಟ್ಟೆ. ಪೂಜೆಯಾದ ಮೇಲೆ ಲೆಕ್ಕ ಮುಟ್ಟದೆ ಮಲಗುವುದು ರೂಢಿಯಲ್ಲವೇ, ಅವಳು ತೆರೆದು ನೋಡಲಿಲ್ಲ. ಅವಳದ್ದು ಈಗ ನನ್ನ ಚೀಲದಲ್ಲಿದೆ. ಬಯ್ಯಬೇಡ. ಹೆತ್ತವಳು ಸುಮ್ಮನೆ ಕೂರುವುದು ಹೇಗೆ?

ಕ್ಯಾಂಡೆಲೇರಿಯಾ ಮಾತೆ ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ನೆನಿತಾ

ಮತ್ತೆ: ಸಿಂಗಾಪುರದಲ್ಲಿ ನಿನ್ನ ಹಡಗು ಹತ್ತಲಿರುವ ದಾನಿಲೊ ಈ ಕಾಗದಕ್ಕಾಗಿ ಬಂದು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮಧ್ಯಾಹ್ನದ ಬಿಡುವಿನಲ್ಲಿ ಮೈಲಿನ್ ಬಂದಳು. ರೋಹೆಲ್‌ನದ್ದರಲ್ಲಿ ಕೋನದ ಲೆಕ್ಕ ಡಿಗ್ರಿಯ ಬದಲು ರೇಡಿಯನ್‌ಗೆ ಇಟ್ಟಿತ್ತಂತೆ. ಗೊತ್ತಾಗುವಷ್ಟರಲ್ಲಿ ಕೆಲವು ಉತ್ತರ ಗುರುತು ಹಾಕಿಯಾಗಿತ್ತು, ಅಳಿಸುವ ಹಾಗಿಲ್ಲ. ಕೂಗಾಡಲಿಲ್ಲ. "ನಂದು ಕೊಡಮ್ಮಾ" ಅಂದಳು, ಅಷ್ಟೇ. ಅನ್ನ ಮುಟ್ಟಲಿಲ್ಲ. ಎಫ್ರೆನ್, ಫಲಿತಾಂಶ ಬರುವ ಮೊದಲೇ ಅವಳಿಗೆ ಬರೆ: ಪಾಸಾಗದಿದ್ದರೆ ತಪ್ಪು ನಿನ್ನ ಅಮ್ಮನದು, ನಿನ್ನದಲ್ಲ, ಮತ್ತೆ ಕೂರು ಅಂತ. ನಾನೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ತಿರುಗಿಯೂ ನೋಡದೆ ಒಳಗೆ ಹೋದಳು.