ಯಮುನಾಬಾಯಿಯ ಉಸಿರು

ಹುಬ್ಬಳ್ಳಿ, ೨೨೧೬ರ ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ಇನ್ನೂರು ವರ್ಷದ ಹಿಂದೆ, ಒಳ್ಳೆಯ ಸ್ಪೀಕರಿನ ಮುಂದೆ ಕಣ್ಣು ಮುಚ್ಚಿ ಕೂರುವ ಹಿರಿಯರಿಗೆ,

ಮೇಲಿನ ತಾರೀಖು ತಪ್ಪಲ್ಲ. ನಾವು ವರ್ಷವನ್ನು ಹದಿಮೂರು ಸಮ ತಿಂಗಳುಗಳಾಗಿ ಹಂಚಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಬೇಸರಪಡದೆ ಓದಿ. ನನ್ನ ಹೆಸರು ಬಸಲಿಂಗ ಕಡಕೋಳ. ಇಲ್ಲಿನ ದಿನಪತ್ರಿಕೆಯೊಂದರ ವರದಿಗಾರ. ನೀರು ಸರಬರಾಜು, ಟ್ರಾಮು, ನಗರಸಭೆ ನನ್ನ ವಿಷಯಗಳು. ಸಂಗೀತದ ಬಗ್ಗೆ ಹಿಂದೆಂದೂ ಬರೆದವನಲ್ಲ.

ನಮ್ಮ ಕಾಲದಲ್ಲಿ ಹಳೆಯ ಹಾಡುಗಳೆಲ್ಲ ‘ತೊಳೆದ ಧ್ವನಿ’ಯಲ್ಲೇ ಸಿಗುತ್ತವೆ. ನಿಮ್ಮ ಹಳೆಯ ಟೇಪುಗಳಲ್ಲಿ ಹಾಡಿನ ಹಿಂದೆ ಒಂದು ಸುಯ್‌ ಎನ್ನುವ ಸದ್ದಿರುತ್ತಿತ್ತಂತೆ. ಅದನ್ನು ಅಳಿಸಲು ನಮ್ಮ ಅಜ್ಜಂದಿರ ಕಾಲದಲ್ಲಿ ಯಂತ್ರ ಬಂತು. ತೊಳೆದ ಮೇಲೆ ಮೂಲ ಟೇಪುಗಳನ್ನು ಎಸೆದರು. ಸಂಗೀತ ಶಾಲೆಗಳು ಈ ತೊಳೆದ ಹಾಡುಗಳಿಂದಲೇ ಕಲಿಸುತ್ತ ಬಂದವು. ಅವುಗಳಲ್ಲಿ ಹಿಂದಿನ ಗಾಯಕರು ಎಲ್ಲಿಯೂ ಉಸಿರು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹಾಡಿನ ನಡುವೆ ಉಸಿರಾಡಿದರೆ ಈಗ ಪರೀಕ್ಷೆಯಲ್ಲಿ ಫೇಲು. ಪಾಸಾಗಬೇಕಾದವರು ‘ಮರುಗಾಳಿ’ ಹಾಕಿಸಿಕೊಳ್ಳುತ್ತಾರೆ. ಕುತ್ತಿಗೆಯ ಬುಡದಲ್ಲಿ ಕೂರಿಸುವ ಸಣ್ಣ ನಳಿಕೆ ಅದು. ಬಾಯಿ ಹಾಡುತ್ತಿರುವಾಗಲೇ ಎದೆಗೆ ಗಾಳಿ ತುಂಬುತ್ತದೆ. ಒಮ್ಮೆ ಹಾಕಿದರೆ ತೆಗೆಯಲು ಬರುವುದಿಲ್ಲ. ಕೆಲವರ ದನಿಯೇ ಹೋಗಿದೆ. ನನ್ನ ಮಗಳು ಶರಣಿಗೂ ಅದರ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು, ಇನ್ನೊಂದೇ ವಾರ ಉಳಿದಿತ್ತು. ಹಾಡಬೇಕೆಂಬ ಆಸೆಯಿಂದ ಅವಳೇ ಒಪ್ಪಿದ್ದಳು.

ಅಷ್ಟರಲ್ಲಿ ಹಳೆಯ ಅಂಗಡಿಯೊಂದರ ಗೋಡೆ ಒಡೆದಾಗ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಒಂದು ಟೇಪು. ಮೇಲೆ ‘ಯಮುನಾಬಾಯಿ ಹೊಂಬಳ, ಮೈಕ್ ಪರೀಕ್ಷೆ’ ಎಂದಿತ್ತು. ಬರೀ ಪರೀಕ್ಷೆಯ ಟೇಪು ಎಂದು ಅದನ್ನು ಯಾರೂ ತೊಳೆದಿರಲಿಲ್ಲ, ಕೇಳಿಯೂ ಇರಲಿಲ್ಲ. ಯಮುನಾಬಾಯಿಯವರ ತೊಳೆದ ಹಾಡುಗಳೇ ಶಾಲೆಯ ಮುಖ್ಯ ಪಾಠ. ಹೀಗಾಗಿ ವರದಿಗೆ ಹೊರಟಾಗ ಮಗಳನ್ನೂ ಕರೆದುಕೊಂಡು ಹೋದೆ.

ಸಂಗ್ರಹಾಲಯದ ಅಧಿಕಾರಿ ಗುರುಸಿದ್ಧ ಟೇಪು ಹಾಕಿದರು. ತೊಳೆಯದ ಟೇಪಾದರೂ ಸುಯ್‌ ಸದ್ದು ಇರಲೇ ಇಲ್ಲ, ಅಷ್ಟು ಚೆನ್ನಾಗಿ ಮುದ್ರಿಸಿದ್ದರು. ತಂಬೂರಿಯ ಒಂದೊಂದು ತಂತಿ ಬೇರೆ ಬೇರೆ ಕೇಳಿಸಿತು. ಬಳೆ ಸರಿದದ್ದು, ದೂರದಲ್ಲಿ ಚಹಾದ ಕಪ್ಪು-ಬಸಿ ಇಟ್ಟದ್ದು ಕೇಳಿಸಿತು. ಆಮೇಲೆ ಮೈಕ್ ಇಡುವವನೊಡನೆ ಒಬ್ಬ ಹೆಂಗಸಿನ ಮಾತು:

“ಏ ದಾದಾಪೀರ, ಇಷ್ಟ ಹತ್ರ ಇಟ್ಟೀಯಲ್ಲೋ, ನಿನ್ನ ಡಬ್ಬಿ ನನ್ನ ಹಲ್ಲ ಎಣಸ್ತದೇನು?”

“ಹೊಸಾ ಮೈಕ್ ರೀ ಬಾಯಿಯವರ. ಉಸರ ಸುದ್ದಾ ಬಿಡಂಗಿಲ್ಲ ಇದು.”

“ಬಿಡಬ್ಯಾಡ ತಗೋ. ಉಸರಿಲ್ದ ಹಾಡಾಕ ನಾ ಏನ್ ಗೋಡಿಗೆ ಹಾಕಿದ ಫೋಟೋ ಏನು?”

ಯಾರೋ ನಕ್ಕರು. ಹಾಡು ಶುರುವಾಯಿತು. ಮೊದಲ ಸಾಲು ಮುಗಿಯುತ್ತಲೇ ಎದೆಯಾಳದಿಂದ ಗಾಳಿ ಎಳೆದ ಸದ್ದು ನಮ್ಮ ಮೂವರ ಕಿವಿಯ ಪಕ್ಕದಲ್ಲೇ ಬಂತು. ಸತ್ತು ಇನ್ನೂರು ವರ್ಷ ದಾಟಿದವರು ಕೋಣೆಯಲ್ಲಿ ಉಸಿರಾಡುತ್ತಿದ್ದರು.

“ಟೇಪ್ ಕೆಟ್ಟೈತಿ, ತೊಳದ ಬಿಡೂನು,” ಎಂದು ಗುರುಸಿದ್ಧ ಗುಂಡಿಯತ್ತ ಕೈ ಚಾಚಿದರು. ಶರಣಿ ಆ ಕೈ ಹಿಡಿದಳು. “ಕೆಟ್ಟಿಲ್ಲ ಕಾಕಾ, ತಡೀರಿ. ಆಕಿ ಉಸರ ತಗೊಳಾಕತ್ತಾಳ. ನನ್ನಂಗ.”

ಯಂತ್ರ ಮಾಡಿದ್ದು ಇಷ್ಟೇ. ಟೇಪಿನ ಸುಯ್‌ ಸದ್ದಿಗೂ ಉಸಿರಿಗೂ ಅದಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಎರಡನ್ನೂ ಅಳಿಸಿ, ಉಳಿದ ಸಂದುಗಳನ್ನು ಮುಚ್ಚಿತು. ಆ ಮುಚ್ಚಿದ ಸಂದುಗಳಿಗಾಗಿ ನಾವು ಮಕ್ಕಳ ಕುತ್ತಿಗೆ ಕೊಯ್ಯುತ್ತಿದ್ದೇವೆ.

ವರದಿ ಅಚ್ಚಾಯಿತು. ಒಂದು ಟೇಪು ಸಾಕ್ಷಿಯಲ್ಲ, ಅಂದು ಬಾಯಿಯವರಿಗೆ ಮೈ ಸರಿಯಿರಲಿಲ್ಲವೇನೋ ಎಂದು ಶಾಲೆ ಉತ್ತರ ಕೊಟ್ಟಿತು. ಎರಡನೆಯದು ತೋರಿಸಲು ಮಳೆಗಾಲದವರೆಗೆ ಸಮಯ ಕೊಟ್ಟಿದೆ. ಅಲ್ಲಿಯವರೆಗೆ ಶಸ್ತ್ರಚಿಕಿತ್ಸೆ ಇಲ್ಲ.

ಅದಕ್ಕೇ ಈ ಪತ್ರ. ನಿಮ್ಮಲ್ಲಿ ಯಾರೂ ಕೇಳದ, ಹೆಸರಾಗದ, ಆದರೆ ಸೊಗಸಾಗಿ ಮುದ್ರಿಸಿದ ಒಂದು ಹಾಡಿದ್ದರೆ ಅದನ್ನು ತೊಳೆಯಬೇಡಿ. ಕೆಮ್ಮು, ನಗು, ಬಳೆ ಎಲ್ಲ ಹಾಗೇ ಇರಲಿ. ತಗಡಿನ ಡಬ್ಬಿಯಲ್ಲಿ ಹಾಕಿ, ಹಾಡಿದವರ ಹೆಸರು ಬರೆದು, ಗೋಡೆಯೊಳಗಿಡಿ. ಅಂಥ ಡಬ್ಬಿ ಸಿಕ್ಕರೆ ನನಗೆ ತಂದುಕೊಡಿ ಎಂದು ಊರಿನಲ್ಲಿ ಹಳೆಯ ಕಟ್ಟಡ ಕೆಡವುವವರಿಗೆಲ್ಲ ನಾನು ಹೇಳಿಟ್ಟಿದ್ದೇನೆ.

ಪಕ್ಕದ ಕೋಣೆಯಲ್ಲಿ ಶರಣಿ ಹಾಡುತ್ತಿದ್ದಾಳೆ. ಸಾಲು ಸಾಲಿಗೂ ನಿಂತು ಉಸಿರು ಎಳೆಯುತ್ತಾಳೆ. ಬಾಗಿಲು ಮುಚ್ಚಿದ್ದರೂ ನನಗದು ಕೇಳಿಸುತ್ತಿದೆ.