ತಾರಸಿಯ ತಂತಿ

ಅಪ್ಪಾ,

ನೀವು ತೀರಿಹೋಗಿ ತಿಂಗಳಾಯಿತು. ದೂರದೂರಿನವರೊಡನೆ ನೀವು ಮಾತಾಡುತ್ತಿದ್ದ ಹಳೆಯ ವಾಲ್ವ್ ಹ್ಯಾಮ್ ರೇಡಿಯೋ ಕೊಳ್ಳಲು ಇವತ್ತು ಮೆಕ್ಯಾನಿಕ್ ಬಂದಿದ್ದ. ತಾರಸಿಗೆ ಹೋಗಿ ಬಂದವನೇ, "ಏರಿಯಲ್ ತಂತಿ ಯಾರೋ ಬೇಕಂತ್ಲೇ ಬಿಚ್ಚಿದ್ದಾರೆ ಮೇಡಂ" ಎಂದ. ಯಾರೋ ಏನು, ನಾನೇ.

ಪಕ್ಕದ ಕೋಣೆಯ ಮಗಳನ್ನು ಒಂದು ದಿನ ಊಟವಾಯಿತೇ ಎಂದು ಕೇಳದವರು, ಮೈಕು ಹಿಡಿದು ಮುಖ ಕಾಣದವರ ನೆಗಡಿ ಕೆಮ್ಮನ್ನೆಲ್ಲ ವಿಚಾರಿಸುತ್ತಿದ್ದಿರಿ. ಕಣ್ಣು ಮಂಜಾಗಿ ಕಿವಿ ಮಂದವಾದ ಮೇಲೆ ತಂತಿ ಕಳಚಿದ್ದು ನಿಮಗೆ ತಿಳಿಯಲೇ ಇಲ್ಲ. ಎರಡು ವರ್ಷ ಮೈಕಿನಲ್ಲಿ ಕರೆದಿರಿ, ಸಂಕೇತ ಕಳಿಸುವ ಮೋರ್ಸ್ ಕೀಲಿಯನ್ನು ಟಕಟಕ ಕುಟ್ಟಿದಿರಿ.

"ಯಾರೂ ಉತ್ತರ ಕೊಡ್ತಿಲ್ಲ ಕಣಮ್ಮ. ನನ್ನ ಮರೆತೇಬಿಟ್ರಾ?"

"ಮರೆತಿರ್ಬೇಕು ಬಿಡಿ" ಎಂದಿದ್ದೆ.

ಮೆಕ್ಯಾನಿಕ್ ತಂತಿ ಸೇರಿಸಿದ. ವಾಲ್ವುಗಳು ಕಾದು ಕೆಂಪಾದವು. ಹತ್ತು ಗಂಟೆಗೆ ಸರಿಯಾಗಿ ಒಂದು ಮುದಿ ದನಿ ಕೇಳಿತು: "ಅಣ್ಣಾ, ಇದ್ದೀರಾ? ಎರಡು ವರ್ಷದಿಂದ ದಿನಾ ಕರೀತಿದ್ದೀನಿ. ನನ್ನಿಂದೇನಾದ್ರೂ ಬೇಜಾರಾಯ್ತಾ?"

ನಾನು ಮೈಕು ಎತ್ತಿಕೊಂಡೆ. "ನಾನು ಅವರ ಮಗಳು. ಅಪ್ಪ ಇಲ್ಲೇ ಕೂತಿದ್ದಾರೆ. ನಿಮ್ಮ ಜೊತೆ ಮಾತಾಡೋಕೆ ಇಷ್ಟ ಇಲ್ವಂತೆ."

ಗರಗರದ ನಡುವೆ ಆ ದನಿ ಹೇಳಿತು:

"ಇದ್ದಾರಲ್ಲ, ಅಷ್ಟು ಸಾಕು ಬಿಡಮ್ಮ. ನಾಳೆನೂ ಕರೀತೀನಿ."

ರೇಡಿಯೋ ಮಾರುವುದಿಲ್ಲವೆಂದು ಮೆಕ್ಯಾನಿಕ್‌ನನ್ನು ಕಳಿಸಿಬಿಟ್ಟೆ.